ನಿರಾಕರಿಸಿದವರ ಪಟ್ಟಿ

ಅಡರಕಟ್ಟಿ, ತಾಲೂಕು ಲಕ್ಷ್ಮೇಶ್ವರ
3 ಫೆಬ್ರುವರಿ 2025

ಸಂಯೋಜಕರು,
ಸಂಚಾರಿ ಸ್ತನ ತಪಾಸಣಾ ಘಟಕ, ಗದಗ-ಬೆಟಗೇರಿ.

ಕೊಟ್ಟ ಮಾತುಗಳು ಇವು. ತಪಾಸಣೆಯ ವಾಹನ ಮೂರು ತಿಂಗಳಿಗೊಮ್ಮೆ ನಮ್ಮೂರಿಗೆ ಬರುತ್ತದೆ ಎಂದಿರಿ. ಮೂವತ್ತು ದಾಟಿದ ಪ್ರತಿ ಹೆಂಗಸಿಗೂ ಮುಂಚೆಯೇ ನೆನಪು ಮಾಡುತ್ತೇವೆ ಎಂದಿರಿ. ಹೆಣ್ಣು ಡಾಕ್ಟರು ಇರುತ್ತಾರೆ, ಪರದೆ ಇರುತ್ತದೆ ಎಂದಿರಿ. ಬಾರದವರನ್ನು ಬಿಟ್ಟು ಹೋಗುವುದಿಲ್ಲ ಎಂದಿರಿ.

ಆದದ್ದು ಇದು. ವಾಹನ ಡಿಸೆಂಬರ್ 12ರಂದು ಬಂತು. ಶಾಲೆಯ ಮುಂದೆ ಎರಡು ತಾಸು ನಿಂತು ಹೋಯಿತು. ನೆನಪಿನ ಸಂದೇಶ ಎರಡು ಸಲ ಬಂದದ್ದು ಖರೆ. ಬಂದದ್ದು ಗಂಡಂದಿರ, ಮಕ್ಕಳ ಫೋನಿಗೆ. ಹೆಂಗಸರು ಆ ಹೊತ್ತಿಗೆ ಮೆಣಸಿನಕಾಯಿ ಹೊಲದಲ್ಲಿದ್ದರು. ಹೆಣ್ಣು ಡಾಕ್ಟರು ಇದ್ದರೋ, ಪರದೆ ಇತ್ತೋ, ನೋಡಲು ನಮ್ಮನ್ನು ಯಾರೂ ಕರೆಯಲಿಲ್ಲ. ಈಗ ಪಂಚಾಯಿತಿಗೆ ನಿಮ್ಮಿಂದ ಒಂದು ಪಟ್ಟಿ ಬಂದಿದೆ. ಅದರ ತಲೆಯ ಮೇಲೆ ‘ತಪಾಸಣೆ ನಿರಾಕರಿಸಿದವರು’ ಎಂದು ಬರೆದಿದೆ. ಕೆಳಗೆ ನಮ್ಮ ಎರಡು ಓಣಿಗಳ ನಲವತ್ತಮೂರು ಹೆಂಗಸರ ಹೆಸರು. ನಿರಾಕರಿಸುವ ಊರಿಗೆ ಮತ್ತೆ ವಾಹನ ಕಳಿಸುವುದು ವ್ಯರ್ಥವೆಂದು ಮಾರ್ಚಿನ ಸರದಿಯನ್ನು ರದ್ದು ಮಾಡಿದ್ದೀರಿ.

ಈ ನಲವತ್ತಮೂರು ಜನರಲ್ಲಿ ಒಬ್ಬಳ ಎಡ ಎದೆಯಲ್ಲಿ ಗಂಟು ಇದೆ. ಹೆಸರು ಬರೆಯಲು ಅವಳ ಅಪ್ಪಣೆ ಇನ್ನೂ ಸಿಕ್ಕಿಲ್ಲ. ನೀವು ರದ್ದು ಮಾಡಿದ ಸರದಿ ಅವಳದು.

ನಾವು ಯಾರೂ ನಿರಾಕರಿಸಿಲ್ಲ. ಪಟ್ಟಿ ಹಿಂದಕ್ಕೆ ಪಡೆಯಿರಿ, ವಾಹನ ಕಳಿಸಿರಿ. ಫೋನಿನಲ್ಲಿ ಹೇಳಬಹುದಿತ್ತು. ಬಾಯಿಮಾತಿಗೆ ಆವಕ ನಂಬರು ಬೀಳುವುದಿಲ್ಲವಾದ್ದರಿಂದ ಕಾಗದ ಬರೆದಿದ್ದೇನೆ.

ಅಖ್ತರಿ
ಕಾರ್ಯದರ್ಶಿ, ಮಹಿಳಾ ಕೂಲಿಕಾರರ ಸಂಘ


ಗದಗ-ಬೆಟಗೇರಿ
10 ಫೆಬ್ರುವರಿ 2025

ಮಾನ್ಯರೆ,

ತಮ್ಮ ಪತ್ರ ತಲುಪಿದೆ. ಆವಕ ಸಂಖ್ಯೆ 118. ನಮ್ಮ ದಾಖಲೆಗಳ ಪ್ರಕಾರ ಎಲ್ಲ ನಲವತ್ತಮೂರು ಫಲಾನುಭವಿಗಳಿಗೂ ಎರಡು ನೆನಪಿನ ಸಂದೇಶಗಳು ತಲುಪಿರುತ್ತವೆ. ಎರಡಕ್ಕೂ ಸ್ಪಂದಿಸದವರನ್ನು ನಿರಾಕರಿಸಿದವರು ಎಂದು ನಮೂದಿಸುವುದು ನಿಯಮವಾಗಿದೆ. ಗ್ರಾಮೀಣ ಮಹಿಳೆಯರಲ್ಲಿ ಸಂಕೋಚ ಹಾಗೂ ಮೂಢನಂಬಿಕೆ ಇರುವುದನ್ನು ಗಮನಿಸಲಾಗಿದ್ದು, ಅರಿವು ಮೂಡಿಸಲು ತಮ್ಮ ಸಂಘ ಸಹಕರಿಸಬೇಕಾಗಿ ಕೋರಿದೆ.

ಗಂಟು ಇರುವ ಮಹಿಳೆಯನ್ನು ವಾಹನಕ್ಕಾಗಿ ಕಾಯಿಸದೆ ಕೂಡಲೇ ಗದಗಿಗೆ ಕರೆತನ್ನಿ. ದಯವಿಟ್ಟು.

ಶಾಂಭವಿ
ಸಂಯೋಜಕಿ


ಅಡರಕಟ್ಟಿ
17 ಫೆಬ್ರುವರಿ 2025

ಸಂಯೋಜಕರೆ,

ನಿಮ್ಮ ಕಾಗದವನ್ನು ಸಂಘದಲ್ಲಿ ಗಟ್ಟಿಯಾಗಿ ಓದಿದೆ. ಮೂಢನಂಬಿಕೆ ಎಂಬ ಮಾತು ಬಂದಾಗ ನಮ್ಮ ದೇವವ್ವ ನಕ್ಕಳು. “ಫೋನ್ ಟಣ್ ಅಂದ್ರ ಹೆಣಮಗಳಿಗೆ ಖಬರ ಮುಟ್ಟತು ಅಂತ ನಂಬಾವ್ರು ಅವ್ರು. ಮೂಢರು ನಾವು ನೋಡ್ರೆವಾ” ಎಂದಳು. ನಿಮ್ಮ ಕಡತಕ್ಕೆ ಈ ಮಾತನ್ನೂ ಸೇರಿಸಿರಿ.

ಸಂದೇಶ ಎಲ್ಲಿ ಸತ್ತಿತು ಎಂದು ನಾನೇ ಮನೆ ಮನೆ ತಿರುಗಿ ಕೇಳಿದೆ. ಮಕ್ತುಮಸಾಬ ಅದನ್ನು ಜಾಹೀರಾತು ಎಂದು ತಿಳಿದನಂತೆ. ಕೆಲವರು ಓದಿಯೇ ಇಲ್ಲ. ಓದಿದವನೊಬ್ಬ ವೀರೇಶ, ಟ್ರ್ಯಾಕ್ಟರ್ ಹೊಡೆಯುವವನು, ಇಪ್ಪತ್ತಾರು ವರ್ಷದವನು. ಅವನ ಫೋನಿಗೆ ಎರಡು ಸಲವೂ ಬಂತು, ಎರಡು ಸಲವೂ ಅಳಿಸಿದ. ಯಾಕಪ್ಪ ಎಂದರೆ ತಲೆ ತಗ್ಗಿಸಿ ನಿಂತ. “ಆ ಶಬ್ದ ಅವ್ವನ ಮುಂದ ಹೆಂಗ ಓದಲಿ ಚಾಚಿ, ನೀನ ಹೇಳು” ಎಂದ.

ಅವನ ಅವ್ವ ದುರಗವ್ವ. ನಿಮ್ಮ ಪಟ್ಟಿಯ ಒಂಬತ್ತನೆಯ ಹೆಸರು. ಗಂಟು ಇರುವವಳು ಅವಳೇ. ಹೆಸರು ಬರೆ ಎಂದು ಈಗ ಅವಳೇ ಹೇಳಿದ್ದಾಳೆ.

ಅದು ನನಗೆ ತಿಳಿದದ್ದು ಹೀಗೆ. ನಾನು ದರ್ಜಿ. ಸಂಕ್ರಾಂತಿಗೆ ಕುಪ್ಪಸ ಹೊಲಿಸಲು ಬಂದ ದುರಗವ್ವ ಎಡಕ್ಕೆ ಒಂದಿಷ್ಟು ಸಡಿಲ ಬಿಡು ಎಂದಳು. ಇಪ್ಪತ್ತು ವರ್ಷದಿಂದ ಒಂದೇ ಅಳತೆಯ ಹೆಂಗಸು ಅವಳು. ಟೇಪು ಹಿಡಿದ ಕೈಗೆ ತಿಳಿದೇಹೋಯಿತು. ಗದಗಿಗೆ ಕರೆತನ್ನಿ ಎಂದು ನೀವು ಬರೆದಿದ್ದೀರಿ. ನಾನು ಕರೆದಿಲ್ಲ ಎಂದುಕೊಂಡಿರಾ? ಆರು ಸಲ ಕರೆದಿದ್ದೇನೆ. ಅವಳ ಉತ್ತರ ಒಂದೇ: “ಒಬ್ಬಾಕಿನ ಹೋದ್ರ ಬಸ್ ಸ್ಟ್ಯಾಂಡಿನಾಗ ಊರೆಲ್ಲಾ ನನ್ನ ಎದಿ ನೋಡತೈತಿ. ಎಲ್ಲಾರೂ ಸಾಲಾಗಿ ನಿಂತ್ರ ಯಾರದು ಏನಂತ ಯಾರಿಗೂ ತಿಳಿಯೂದಿಲ್ಲ.” ಅವಳಿಗೆ ಬೇಕಾದದ್ದು ಆ ಸಾಲು. ನೀವು ಕಿತ್ತುಕೊಂಡದ್ದೂ ಅದನ್ನೇ.

ಇನ್ನೊಂದು ಮಾತು. ಫ್ಯಾನಿನ ಕೆಳಗೆ ಕುಳಿತವರಿಗೆ ನಮ್ಮ ಕಡೆಯ ರೀತಿ ಗೊತ್ತಿರಲಿಕ್ಕಿಲ್ಲ. ಮದುವೆ ಇರಲಿ, ಸತ್ತವರ ಮನೆಯ ಮಣ್ಣಿನ ಊಟ ಇರಲಿ, ಇಲ್ಲಿ ಎರಡು ಸಲ ಕರೆಯುತ್ತಾರೆ. ಮುಂಚೆ ಒಂದು ಹೇಳಿಕೆ. ಅಡುಗೆಯಾದ ಮೇಲೆ ಬಾಗಿಲಿಗೆ ಬಂದು ಇನ್ನೊಂದು: ‘ಎಲಿ ಹಾಕೇವಿ, ಬರ್ರಿ.’ ಮೊದಲ ಹೇಳಿಕೆಗೇ ಎದ್ದು ಹೋದವರನ್ನು ಉಪವಾಸ ಬಿದ್ದವರು ಎಂದು ನಗುತ್ತಾರೆ. ಎರಡನೆಯ ಕರೆ ಬಾರದಿದ್ದರೆ ಕುಳಿತವರದು ತಪ್ಪಲ್ಲ, ಕರೆಯದವರದು ತಪ್ಪು. ನಿಮ್ಮ ಎರಡು ಸಂದೇಶ ಸೇರಿ ನಮಗೆ ಅರ್ಧ ಹೇಳಿಕೆಯೂ ಆಗಿಲ್ಲ. ಎಲೆ ಹಾಕಿದ್ದೇ ತಿಳಿಯದವರನ್ನು ಊಟ ಒಲ್ಲೆ ಎಂದವರು ಎಂದು ಹೇಗೆ ಬರೆದಿರಿ?

ನನ್ನ ಅಳತೆ ಪುಸ್ತಕದಲ್ಲಿ ಈ ಹೆಂಗಸರ ಎದೆಯಳತೆ ಇದೆ. ನಿಮ್ಮ ಯಂತ್ರದಲ್ಲಿ ಅವರ ಗಂಡಸರ ನಂಬರು ಇದೆ. ತಪಾಸಣೆ ಯಾರಿಗೆ ಆಗಬೇಕು, ನೀವೇ ಹೇಳಿರಿ.

‘ನಾವು ನಿರಾಕರಿಸಿಲ್ಲ’ ಎಂಬ ಹೇಳಿಕೆಯ ಕೆಳಗೆ ಹೆಂಗಸರ ಸಹಿ ಮತ್ತು ಹೆಬ್ಬೆಟ್ಟು ಹಾಕಿಸಿ ಇದರೊಂದಿಗೆ ಇಟ್ಟಿದ್ದೇನೆ. ಹದಿನೈದು ದಿನದಲ್ಲಿ ಉತ್ತರ ಬಾರದಿದ್ದರೆ ನಾವೇ ಗದಗಿಗೆ ಬರುತ್ತೇವೆ. ತಪಾಸಣೆಗಲ್ಲ.

ಅಖ್ತರಿ


ಬೆಟಗೇರಿ
26 ಫೆಬ್ರುವರಿ 2025

ಅಖ್ತರಿ ಅಕ್ಕಾರಿಗೆ,

ಈ ಕಾಗದಕ್ಕೆ ಜಾವಕ ನಂಬರು ಇಲ್ಲ. ಮನೆಯಲ್ಲಿ ಕುಳಿತು ಬರೆಯುತ್ತಿದ್ದೇನೆ.

ಫ್ಯಾನು ಇದೆ ಅಕ್ಕಾ, ತಿರುಗುವುದಿಲ್ಲ. ನೀವು ನನ್ನನ್ನು ಯಾವುದೋ ದೊಡ್ಡ ಖುರ್ಚಿಯಲ್ಲಿ ಕೂರಿಸಿದ್ದೀರಿ. ನನಗೆ ಮೂವತ್ತಾರು ವರ್ಷ, ಐದು ವರ್ಷದಿಂದ ಗುತ್ತಿಗೆಯ ಕೆಲಸ. ಶಿರಹಟ್ಟಿ, ಲಕ್ಷ್ಮೇಶ್ವರ, ಮುಂಡರಗಿ ಮೂರಕ್ಕೂ ಸಂದೇಶ ಕಳಿಸುವವಳು ನಾನೊಬ್ಬಳೇ. ಆ ಸಂದೇಶದ ಮಾತುಗಳನ್ನು ಬರೆದವಳೂ ನಾನೇ. ವೀರೇಶ ತನ್ನ ಅವ್ವನ ಮುಂದೆ ಓದಲಾರದ ಶಬ್ದವನ್ನು ಒಂದು ಮಧ್ಯಾಹ್ನ ಊಟದ ಡಬ್ಬಿ ತೆರೆದುಕೊಂಡು ಬರೆದಿದ್ದೆ.

ನಮ್ಮ ನಮೂನೆಯಲ್ಲಿ ಮೂರೇ ಕಾಲಂ ಇವೆ: ಬಂದವರು, ಸಿಗದವರು, ನಿರಾಕರಿಸಿದವರು. ಕರೆ ತಲುಪದವರಿಗೆ ಕಾಲಂ ಇಲ್ಲ. ಸಿಗದವರು ಎಂದು ಬರೆದರೆ ನಾವು ಮತ್ತೆ ಹುಡುಕಿಕೊಂಡು ಹೋಗಬೇಕು. ನಿರಾಕರಿಸಿದವರು ಎಂದರೆ ಕೆಲಸ ಮುಗಿಯಿತು. ಮೇಲಿನವರು ಯಾವುದನ್ನು ಬರೆ ಎಂದಿರಬಹುದೆಂದು ನಿಮಗೆ ಬಿಡಿಸಿ ಹೇಳಬೇಕಿಲ್ಲ. ನಂಬರುಗಳು ಗಂಡಸರವೆಂದು ನನಗೆ ಗೊತ್ತಿತ್ತು. ಗೊತ್ತಿದ್ದೇ ಬರೆದೆ. ನನ್ನ ಅಜ್ಜಿ ಶಿರಹಟ್ಟಿಯವಳು. ಎರಡನೆಯ ಕರೆ ಬಾರದೆ ಅಣ್ಣನ ಮನೆಯ ಊಟಕ್ಕೂ ಹೊಸ್ತಿಲು ದಾಟಿದವಳಲ್ಲ. ನಿಮ್ಮ ಕಾಗದ ಓದುವವರೆಗೆ ಅದು ನನ್ನ ನೆನಪಿಗೇ ಬರಲಿಲ್ಲ ನೋಡಿ.

ನಿಮ್ಮ ಸಹಿಗಳ ಹಾಳೆಯನ್ನು ಹಿಡಿದು ಪಟ್ಟಿ ತಿದ್ದಲು ಕುಳಿತೆ. ಎರಡು ಸಲ ಎಣಿಸಿದೆ. ಇರುವುದು ನಲವತ್ತೆರಡು. ಇಲ್ಲದ್ದು ಹದಿನೇಳನೆಯದು. ಆ ಹೆಸರಿನ ಮುಂದಿರುವ ಫೋನ್ ನಂಬರು ಯಾವ ಗಂಡಸಿನದೂ ಅಲ್ಲ. ನಿಮ್ಮ ಸಂಘದ ಕಾಗದದ ತಲೆಯ ಮೇಲೆ ಅಚ್ಚಾಗಿರುವುದೇ ಅದು.

ಜಗಳಕ್ಕೆ ಬರೆದದ್ದಲ್ಲ. ಕೇಳಲೇಬೇಕು ಅನ್ನಿಸಿತು. ನೀವೇಕೆ ಬರಲಿಲ್ಲ ಅಕ್ಕಾ?

ಶಾಂಭವಿ


ಬೆಟಗೇರಿ
17 ಮಾರ್ಚ್ 2025

ಅಖ್ತರಿ ಅಕ್ಕಾರಿಗೆ,

ಹತ್ತೊಂಬತ್ತು ದಿನವಾಯಿತು, ನಿಮ್ಮ ಉತ್ತರವಿಲ್ಲ. ಗದಗಿಗೆ ಬರುತ್ತೇವೆ ಎಂದವರೂ ಬರಲಿಲ್ಲ. ಸಿಟ್ಟು ಬಂದಿರಬೇಕು ಎಂದುಕೊಂಡೆ. ಆಮೇಲೆ ನಿಮ್ಮ ರೀತಿಯೇ ನೆನಪಾಯಿತು.

ಮೊದಲ ಹೇಳಿಕೆ ಆಗಿದೆ. ಇದು ಎರಡನೆಯ ಕರೆ.

ಶಾಂಭವಿ


ಅಡರಕಟ್ಟಿ
24 ಮಾರ್ಚ್ 2025

ಶಾಂಭವಿಯವರೆ,

ರಂಜಾನ್ ಹಬ್ಬದ ಹೊಲಿಗೆ ತಲೆಯ ಮಟ್ಟ ಇತ್ತು, ಪುರುಸೊತ್ತಾಗಲಿಲ್ಲ ಎಂದು ಬರೆಯಬಹುದಿತ್ತು. ಬರೆದೂ ಇದ್ದೆ, ಹರಿದು ಹಾಕಿದೆ. ರೋಜಾ ಇದ್ದೇನೆ, ಉಪವಾಸದ ಬಾಯಿಗೆ ಸುಳ್ಳು ಸಲ್ಲದು.

ನನಗೆ ಸಂದೇಶ ಬಂದಿತ್ತು. ಎರಡೂ ಬಂದವು, ಎರಡನ್ನೂ ಓದಿದೆ. ಡಿಸೆಂಬರ್ 12ರಂದು ನಾನು ಹೊಲದಲ್ಲಿ ಇರಲಿಲ್ಲ, ಮಷಿನ್ನಿನ ಮುಂದೆ ಇದ್ದೆ. ಕಿಟಕಿಯಿಂದ ನಿಮ್ಮ ವಾಹನ ಕಾಣುತ್ತಿತ್ತು. ಎರಡು ತಾಸು ಅದನ್ನು ನೋಡಿಕೊಂಡೇ ಹೊಲಿದೆ. ‘ಯಾರೂ ನಿರಾಕರಿಸಿಲ್ಲ’ ಎಂದು ನಿಮಗೆ ಬರೆದೆನಲ್ಲ, ಅದರಲ್ಲಿ ಒಂದು ಸುಳ್ಳು ಇತ್ತು. ಆದ್ದರಿಂದಲೇ ಸಹಿ ಹಾಕಲು ಕೈ ಬರಲಿಲ್ಲ.

ನನ್ನ ಅಮ್ಮ ಖಾತುನಬಿ ಸತ್ತು ಎಂಟು ವರ್ಷ. ಕೊನೆಯ ವರ್ಷ ಅವಳು ಯಾರಿಗೂ ಬೆನ್ನು ಉಜ್ಜಲು ಬಿಡುತ್ತಿರಲಿಲ್ಲ. ಕುಪ್ಪಸ ದೊಡ್ಡದು ಹೊಲಿದುಕೊಡು ಎಂದಳು, ಹೊಲಿದುಕೊಟ್ಟೆ. ಯಾಕೆ ಎಂದು ಕೇಳಲಿಲ್ಲ. ಅವಳ ಮಯ್ಯತ್ತಿಗೆ ಸ್ನಾನ ಮಾಡಿಸುವಾಗ ಮೊದಲ ಸಲ ನೋಡಿದೆ. ಎದೆಯ ಜಾಗದಲ್ಲಿ ಏನಿತ್ತು ಎಂದು ಬರೆಯುವುದಿಲ್ಲ. ಅರಿಶಿನ ಹಚ್ಚಿ ಹಳೆಯ ದುಪಟ್ಟದ ಚೂರು ಕಟ್ಟಿಕೊಂಡಿದ್ದಳು. ಮಗಳು ದರ್ಜಿ, ಟೇಪು ಕೊರಳಲ್ಲೇ ಇತ್ತು. ಅಮ್ಮನ ಅಳತೆ ಅವಳಿಗೆ ತಿಳಿಯಲಿಲ್ಲ.

ಅಂದಿನಿಂದ ನನ್ನ ಎದೆ ಮುಟ್ಟಿಕೊಳ್ಳಲು ನನಗೆ ಹೆದರಿಕೆ. ತಾಲೂಕು ಕಚೇರಿಯ ಮುಂದೆ ಘೋಷಣೆ ಕೂಗುತ್ತೇನೆ, ಪೊಲೀಸರ ಲಾಠಿಗೆ ಹೆದರಿಲ್ಲ. ಪರದೆಯ ಹಿಂದೆ ಕುಪ್ಪಸ ಬಿಚ್ಚಲು ಹೆದರಿದೆ.

ಇನ್ನೊಂದನ್ನೂ ಮುಚ್ಚಿಟ್ಟಿದ್ದೆ. ದುರಗವ್ವ ಆರು ಸಲ ಒಲ್ಲೆ ಎಂದಳೆಂದು ಬರೆದಿದ್ದೆ. ಆರನೆಯ ಸಲ ಅವಳು ಒಲ್ಲೆ ಎನ್ನಲಿಲ್ಲ. ನನ್ನ ಮುಖ ನೋಡಿ ಕೇಳಿದಳು: “ಲೇ ಅಖ್ತರಿ, ನೀ ತೋರಿಸಿದೀಯೇನು?” ನಾನು ಟೇಪು ಸುತ್ತತೊಡಗಿದೆ. “ನೀ ಮೊದಲ ತೋರ್ಸು. ಆಮ್ಯಾಲ ನನಗ ಹೇಳಾಕ ಬಾ” ಎಂದು ಎದ್ದು ಹೋದಳು.

ಅವಳ ಗಂಟು ಬೆಳೆಯುತ್ತಿದೆ. ಅದರ ಪಾಪದಲ್ಲಿ ನಿಮ್ಮ ಕಾಲಂಗೆ ಎಷ್ಟು ಪಾಲಿದೆಯೋ ನನ್ನ ಹೆದರಿಕೆಗೂ ಅಷ್ಟೇ ಇದೆ. ಆದರೆ ಇದನ್ನು ಹಿಡಿದುಕೊಂಡು ನೀವು ಪಾರಾಗುವ ಹಾಗಿಲ್ಲ. ಹೆದರಿದವಳು ನಾನೊಬ್ಬಳು. ನಲವತ್ತೆರಡು ಜನರಿಗೆ ಹೆದರುವ ಅವಕಾಶವನ್ನೂ ನೀವು ಕೊಡಲಿಲ್ಲ.

ವಾಹನ ಕಳಿಸಿರಿ. ಸಾಲಿನಲ್ಲಿ ಮೊದಲು ನಾನು ನಿಲ್ಲುತ್ತೇನೆ. ಉಳಿದವರ ಬಾಗಿಲಿಗೆ ಎರಡನೆಯ ಕರೆಯೂ ನನ್ನದೇ. ‘ವಾಹನ ಕಳಿಸಿರಿ’ ಎಂದಷ್ಟೇ ಬರೆದ ಹೊಸ ಸಹಿಯ ಹಾಳೆ ಕಳಿಸುತ್ತಿದ್ದೇನೆ. ಎಣಿಸಿಕೊಳ್ಳಿ.

ಅಖ್ತರಿ


ಬೆಟಗೇರಿ
4 ಏಪ್ರಿಲ್ 2025

ಅಖ್ತರಿ ಅಕ್ಕಾ,

ಎಣಿಸಿದೆ. ನಲವತ್ತಮೂರು.

ಪಟ್ಟಿಯನ್ನು ಹಿಂದಕ್ಕೆ ಪಡೆದಿದ್ದೇನೆ. ನಮೂನೆಯಲ್ಲಿ ನಾಲ್ಕನೆಯ ಕಾಲಂ ಅನ್ನು ಸ್ಕೇಲು ಇಟ್ಟು ಪೆನ್ನಿನಿಂದ ನಾನೇ ಗೆರೆ ಹೊಡೆದು ಬರೆದೆ: ‘ಕರೆ ತಲುಪದವರು.’ ಕೆಳಗೆ ನನ್ನ ಸಹಿ, ಪಕ್ಕಕ್ಕೆ ನಿಮ್ಮ ಹಾಳೆ. ಮೇಲಿನವರು ಕರೆಸಿ, ಅಚ್ಚಾದ ನಮೂನೆಗೆ ಗೆರೆ ಹೊಡೆಯಲು ನೀನು ಯಾರು ಎಂದರು. ಹಾಗಾದರೆ ಈ ಹೆಂಗಸರು ಒಲ್ಲೆ ಎಂದದ್ದನ್ನು ಕೇಳಿದವರು ಯಾರೆಂದು ಬರೆದುಕೊಡಿ, ಅಳಿಸುತ್ತೇನೆ ಎಂದೆ. ಯಾರೂ ಬರೆದುಕೊಡಲಿಲ್ಲ.

ಏಪ್ರಿಲ್ 10, ಗುರುವಾರ ವಾಹನ ಬರುತ್ತದೆ. ಕೂಲಿಯಿಂದ ಮರಳುವವರಿಗಾಗಿ ಮಧ್ಯಾಹ್ನ ಎರಡರಿಂದ ಆರರವರೆಗೆ ನಿಲ್ಲುತ್ತದೆ. ಹೆಣ್ಣು ಡಾಕ್ಟರ ಹೆಸರು ನಿಶಾತ. ಪರದೆಯನ್ನು ನಾನೇ ನೋಡಿ ಕಳಿಸಿದ್ದೇನೆ, ಹರಿದಿಲ್ಲ. ಸಂದೇಶವನ್ನೂ ಬದಲಿಸಿದ್ದೇನೆ: ‘ನಿಮ್ಮ ಮನೆಯ ಹೆಂಗಸರಿಗೆ ಆರೋಗ್ಯದ ಕರೆ ಇದೆ. ಫೋನನ್ನು ಅವರ ಕೈಗೆ ಕೊಡಿರಿ.’ ಇಷ್ಟು ಬರೆಯಲು ನನಗೆ ಐದು ವರ್ಷ ಬೇಕಾಯಿತು.

ಏಪ್ರಿಲ್ 15ರಿಂದ ನನ್ನನ್ನು ಮುಂಡರಗಿಗೆ ಹಾಕಿದ್ದಾರೆ. ಆಡಳಿತದ ಕಾರಣ ಎಂದು ಆದೇಶದಲ್ಲಿದೆ. ಅಲ್ಲಿ ಫ್ಯಾನೂ ಇಲ್ಲವಂತೆ.

ದುರಗವ್ವ ಸಾಲಿಗೆ ಬಂದರೆ ಎರಡು ಸಾಲು ಬರೆಯಿರಿ.

ಶಾಂಭವಿ


ಅಡರಕಟ್ಟಿ
22 ಏಪ್ರಿಲ್ 2025

ತಂಗಿ ಶಾಂಭವಿ,

ನಿನಗೆ ಶಿಕ್ಷೆ ಕೊಟ್ಟೆವೆಂದು ಅವರು ತಿಳಿದಿದ್ದಾರೆ. ಮುಂಡರಗಿಯಲ್ಲೂ ಹೆಂಗಸರಿದ್ದಾರೆ ಎಂಬುದನ್ನು ಮರೆತಿದ್ದಾರೆ.

ನಡೆದದ್ದು ಹೀಗೆ. ಹಿಂದಿನ ದಿನ ಎಲ್ಲ ಮನೆಗಳಿಗೂ ಹೇಳಿಕೆ ಕೊಟ್ಟೆವು. ಗುರುವಾರ ಮಧ್ಯಾಹ್ನ ವಾಹನ ಬಂದು ನಿಂತ ಮೇಲೆ ನಾನೂ ದೇವವ್ವನೂ ಬಾಗಿಲು ಬಾಗಿಲಿಗೆ ಹೋಗಿ ಊಟಕ್ಕೆ ಕರೆದ ಹಾಗೆಯೇ ಕರೆದೆವು: ಗಾಡಿ ಬಂದೈತಿ, ಬರ್ರಿ. ಒಬ್ಬಳು ಕೈತೊಳೆದು, ಒಬ್ಬಳು ರೊಟ್ಟಿಯ ಹಿಟ್ಟು ಮುಚ್ಚಿಟ್ಟು ಹೊರಟಳು. ಹೊಲದಲ್ಲಿದ್ದ ಹನ್ನೆರಡು ಜನರನ್ನು ಟ್ರ್ಯಾಕ್ಟರಿನಲ್ಲಿ ಕರೆತಂದವನು ವೀರೇಶ. ಯಾಕೆ ಎಂದು ಕೇಳಿದ ಗಂಡಸರಿಗೆ ಆ ಶಬ್ದವನ್ನು ಬಾಯಿಬಿಟ್ಟೇ ಹೇಳಿದನಂತೆ. ಮೊದಲ ಸಲ ನಾಲಿಗೆ ತೊದಲಿತಂತೆ, ಮೂರನೆಯ ಸಲಕ್ಕೆ ಸರಳವಾಯಿತಂತೆ.

ದುರಗವ್ವ ಹೊಸ್ತಿಲ ಮೇಲೆ ನಿಂತಿದ್ದಳು. ನಾನು ಬಾಯಿ ತೆರೆಯುವ ಮುಂಚೆಯೇ ಅವಳ ಕಣ್ಣು ಅದೇ ಪ್ರಶ್ನೆ ಕೇಳಿತು. “ನಾ ಮುಂದ ನಿಲ್ತೀನಿ, ನೀ ನನ್ನ ಬೆನ್ನಿಗೆ ನಿಲ್ಲು” ಎಂದೆ. ಸೆರಗು ಹೊದ್ದು ಬಂದಳು.

ಪರದೆಯ ಹಿಂದೆ ಹೋದೆ. ಡಾಕ್ಟರ ಕೈ ತಣ್ಣಗಿತ್ತು. ಬಟನ್ ಬಿಚ್ಚಲು ಬರಲಿಲ್ಲ. ಮೂವತ್ತು ವರ್ಷ ಬಟನ್ ಹಚ್ಚಿದ ಕೈ ಇದು. ಅವರು ಕಾದರು. ನನಗೆ ಏನೂ ಇಲ್ಲ ಎಂದರು. ಹೊರಗೆ ಬಂದು ದುರಗವ್ವನ ಮುಂದೆ ನಿಂತೆ. ಅವಳು ನನ್ನ ಮುಖವನ್ನು ಬಹಳ ಹೊತ್ತು ನೋಡಿ ಒಳಗೆ ಹೋದಳು. ಒಳಗೆ ತಡವಾಯಿತು. ಸಾಲಿನಲ್ಲಿ ನಿಂತವರಿಗೆಲ್ಲ ತಿಳಿಯಿತು. ಆದರೆ ಅವಳು ಹೊರಗೆ ಬಂದಾಗ ಒಬ್ಬಳೂ ತಲೆಯೆತ್ತಿ ನೋಡಲಿಲ್ಲ. ನೋಡಬಾರದೆಂದು ಯಾರೂ ಹೇಳಿಕೊಟ್ಟಿರಲಿಲ್ಲ.

ಶನಿವಾರ ಅವಳನ್ನು ಗದಗಿಗೆ ಕರೆದುಕೊಂಡು ಹೋದೆವು. ಒಂಬತ್ತು ಹೆಂಗಸರು ಹೋದೆವು, ಬಸ್ ಸ್ಟ್ಯಾಂಡಿನಲ್ಲಿ ಯಾರು ಯಾರ ಎದೆ ನೋಡಬೇಕೆಂದು ತಿಳಿಯದ ಹಾಗೆ. ಸೂಜಿ ಹಾಕಿ ಗಂಟಿನ ಚೂರು ತೆಗೆದರು. ನಿನ್ನೆ ಅದೇ ಒಂಬತ್ತು ಜನ ಮತ್ತೆ ಹೋಗಿ ಫಲಿತಾಂಶ ಕೇಳಿದೆವು. ಅದೇ ರೋಗ. ಸದ್ಯ ನೋಡಿದ ಮಟ್ಟಿಗೆ ಬೇರೆಡೆ ಹರಡಿದಂತಿಲ್ಲ, ಮೇ 2ಕ್ಕೆ ಆಪರೇಷನ್ ಎಂದರು. ಬಂದದ್ದು ಒಳ್ಳೆಯದಾಯಿತು, ಇನ್ನೊಂದು ವರ್ಷ ಬಿಟ್ಟಿದ್ದರೆ ಈ ಮಾತು ಹೇಳುತ್ತಿರಲಿಲ್ಲ ಎಂದೂ ಹೇಳಿದರು. ಮರಳುವ ಬಸ್ಸು ಲಕ್ಷ್ಮೇಶ್ವರ ದಾಟಿದ ಮೇಲೆ ದುರಗವ್ವ ನನ್ನ ತೊಡೆ ತಿವಿದಳು: “ಇನ್ನ ಅರ್ಧಾ ಬಟ್ಟಿಯಾಗ ಕುಪ್ಪಸ ಆಕ್ಕೈತಿ. ಹೊಲಿಗಿ ಪೂರ್ತಿ ಕೇಳಬ್ಯಾಡ ಮತ್ತ.” ಒಂಬತ್ತೂ ಜನ ನಕ್ಕೆವು. ನಗುತ್ತಲೇ ಅತ್ತವರೂ ಇದ್ದರು. ಕಂಡಕ್ಟರ್ ಹಿಂದಿರುಗಿ ನೋಡಿದ. ನೋಡಲಿ.

ಪಟ್ಟಿಯ ವಿಷಯ. ನಲವತ್ತಮೂರರಲ್ಲಿ ನಲವತ್ತು ಜನ ಬಂದರು. ಒಬ್ಬಳು ಹೆರಿಗೆಯಾದ ಮಗಳ ಹತ್ತಿರ ನಾಗಾವಿಗೆ ಹೋಗಿದ್ದಾಳೆ. ಇಬ್ಬರು ಒಲ್ಲೆವು ಎಂದರು. ಎರಡನೆಯ ಕರೆಯನ್ನೂ ಕೇಳಿ, ನನ್ನ ಮುಖ ನೋಡಿ, ಬಾಯಿಬಿಟ್ಟು ಒಲ್ಲೆವು ಎಂದರು. ಅವರನ್ನು ನಿರಾಕರಿಸಿದವರು ಎಂದು ಬರೆಯಲಿ. ಅದು ಅವರ ಹಕ್ಕು, ನಿಜವಾಗಿ ಹೇಳಿದ ಮಾತು. ಜುಲೈನಲ್ಲಿ ಅವರ ಬಾಗಿಲಿಗೆ ಮತ್ತೆ ಹೋಗುತ್ತೇನೆ. ನಾನೂ ಒಮ್ಮೆ ಅವರೇ ಆಗಿದ್ದೆ.

ನೀನು ಪೆನ್ನಿನಿಂದ ಹೊಡೆದ ಗೆರೆಯನ್ನು ಹೊಸ ನಮೂನೆಯಲ್ಲಿ ಕೈಬಿಟ್ಟಿದ್ದಾರೆ ಎಂದು ಕೇಳಿದೆ. ಹಾಗಾದರೆ ಅಂತೂರ ಬೆಂತೂರಿನ ಹೆಂಗಸರು, ಶಿರಹಟ್ಟಿಯವರು, ನಿನ್ನ ಮುಂಡರಗಿಯವರು ಮತ್ತೆ ಒಲ್ಲೆ ಎಂದವರೇ ಆಗುತ್ತಾರೆ. ಆ ಗೆರೆ ಅಚ್ಚಾಗಬೇಕು. ಎಲ್ಲ ತಾಲೂಕಿನ ನಿರಾಕರಿಸಿದವರ ಪಟ್ಟಿಗಳನ್ನು ಹಿಡಿದು ನಿನ್ನ ಹಳೆಯ ಕಚೇರಿಯ ಬಾಗಿಲಲ್ಲಿ ಕೂರುತ್ತೇವೆ. ದುರಗವ್ವನೂ ಬರುತ್ತಾಳೆ. ಆಪರೇಷನ್ನಿಗೆ ನಾಲ್ಕು ದಿನ ಇರುತ್ತದಲ್ಲ, ಮನೆಯಲ್ಲಿ ಕುಳಿತು ಏನು ಮಾಡಲಿ ಎನ್ನುತ್ತಾಳೆ.

ನಿನ್ನದೊಂದು ಬಾಕಿ ಇದೆ. ನಿನಗೆ ಮೂವತ್ತಾರು ಎಂದು ನೀನೇ ಬರೆದಿದ್ದೆ. ಐದು ವರ್ಷದಲ್ಲಿ ಮೂರು ತಾಲೂಕಿಗೆ ಸಂದೇಶ ಕಳಿಸಿದವಳೆ, ನಿನ್ನ ಫೋನಿಗೆ ಯಾರಾದರೂ ಕಳಿಸಿದ್ದಾರೆಯೇ? ನೀನು ತೋರಿಸಿದ್ದೀಯಾ?

ಉತ್ತರ ಬರೆಯಬೇಡ. ಧರಣಿಗೂ ಬಾ, ತಪಾಸಣೆಗೂ ಬಾ. ಇದು ಮೊದಲ ಹೇಳಿಕೆ. ಎರಡನೆಯ ಕರೆಗೆ ಭಾನುವಾರ ಮುಂಡರಗಿಯ ನಿನ್ನ ಬಾಗಿಲಿಗೆ ನಾನೇ ಬರುತ್ತೇನೆ. ಧರಣಿ ಏಪ್ರಿಲ್ 28, ಸೋಮವಾರ, ಬೆಳಿಗ್ಗೆ ಹನ್ನೊಂದು ಗಂಟೆಗೆ.

ಅಖ್ತರಿ
ಪಟ್ಟಿಯ ಹದಿನೇಳನೆಯವಳು